ಪಾಠಕ್ಕೆ ನೂರು ರೂಪಾಯಿ

(ಅಪ್ಪ, ಮಗ ಇಬ್ಬರೂ ಒಪ್ಪಿದ ಮೇಲೇ ಬರೆಯುತ್ತಿದ್ದೇನೆ. ಗುರುತು ಸಿಗುವ ಒಂದೆರಡು ವಿವರ ಬದಲಿಸಿದ್ದೇನೆ.)

ಮಂಡ್ಯ ಕಡೆಯ ಹಳ್ಳಿ. ಅಪ್ಪನದು ಆಲೆಮನೆ, ಮಗ ಎಸ್ಸೆಸ್ಸೆಲ್ಸಿ. ಸಲಹೆ ಕೇಳೋಕೆ ಮೈಸೂರಿಗೆ ಬಂದು ನನ್ನೆದುರು ಕೂತವರೇ ಅಪ್ಪ ಶುರು ಮಾಡಿದರು: "ದುಡ್ಡು ಕೊಟ್ರೂ ಓದಲ್ಲ ಅಂತಾನೆ ಮೇಡಂ, ಇನ್ನೇನ್ ಮಾಡ್ಲಿ ಹೇಳಿ."

ದುಡ್ಡಾ? ಹುಡುಗ ಬ್ಯಾಗಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದ. ಎಡಗಡೆ ಪಾಠದ ಹೆಸರು, ಬಲಗಡೆ ನೂರು, ನೂರು, ನೂರು. ಕೈಗೆ ಬಂದಿದ್ದಕ್ಕೆ ಟಿಕ್. ಕೊನೆಗೆ ಕೆಂಪು ಶಾಯಿಯಲ್ಲಿ "ಬಾಕಿ 300". ಕಬ್ಬು ಕಡಿಯೋರಿಗೆ ಟನ್ ಲೆಕ್ಕದಲ್ಲಿ ಬಟವಾಡೆ ಮಾಡಿ ಅಭ್ಯಾಸವಿದ್ದ ಅಪ್ಪ ಮನೆಯಲ್ಲೂ ಅದನ್ನೇ ಮಾಡಿದ್ದರು. ಕೆಟ್ಟ ಉದ್ದೇಶ ಏನೂ ಇರಲಿಲ್ಲ, ಹತ್ತನೇ ಕ್ಲಾಸು ಅನ್ನೋ ಭಯ ಅಷ್ಟೇ.

ತಮಾಷೆ ಅಂದ್ರೆ ಇವನು ಓದದ ಹುಡುಗನೇ ಅಲ್ಲ. ಒಂಬತ್ತನೇ ಕ್ಲಾಸಿನವರೆಗೂ ವಿಜ್ಞಾನ ಅಂದ್ರೆ ಪ್ರಾಣ, ಕೆಟ್ಟ ಮಿಕ್ಸಿ ಬಿಚ್ಚಿ ಮೋಟಾರು ತೆಗೆದು ಅಜ್ಜಿ ಕೈಲಿ ಬೈಸಿಕೊಂಡವನು. ಈಗ ಪುಸ್ತಕ ತೆಗಿ ಅಂದ್ರೆ "ಎಷ್ಟು ಕೊಡ್ತೀಯ?" ಅಂತಾನೆ. ರೇಟು ಇನ್ನೂರಕ್ಕೆ ಏರಿದೆ.

ಅಪ್ಪನಿಗೆ 1973ರ ಒಂದು ಪ್ರಯೋಗದ ಕಥೆ ಹೇಳಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಮನೋವಿಜ್ಞಾನಿಗಳು ಚಿತ್ರ ಬಿಡಿಸೋದನ್ನ ಇಷ್ಟಪಡುವ ಪುಟ್ಟ ಮಕ್ಕಳನ್ನ ಆರಿಸಿಕೊಂಡರು. ಕೆಲವರಿಗೆ "ಚಿತ್ರ ಬಿಡಿಸಿದ್ರೆ ಬಹುಮಾನ" ಅಂತ ಮೊದಲೇ ಹೇಳಿದರು, ಕೆಲವರಿಗೆ ಹೇಳದೆ ಆಮೇಲೆ ಕೊಟ್ಟರು, ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನದ ಆಸೆಗೆ ಚಿತ್ರ ಬಿಡಿಸಿದ್ದ ಮಕ್ಕಳು ಸ್ಕೆಚ್ ಪೆನ್ ಹಿಡಿದಿದ್ದ ಹೊತ್ತು ಉಳಿದವರ ಅರ್ಧದಷ್ಟೇ! ಹೇಳದೆ ಕೊಟ್ಟ ಬಹುಮಾನದಿಂದ ಏನೂ ಕೆಟ್ಟಿರಲಿಲ್ಲ. ನಾನು ಇದನ್ನ ಯಾಕೆ ಮಾಡ್ತಿದೀನಿ ಅಂತ ಮಗು ತನ್ನನ್ನೇ ಕೇಳಿಕೊಳ್ಳುತ್ತೆ. ಎದುರಿಗೆ ಬಹುಮಾನ ಇದ್ದರೆ "ಅದಕ್ಕೇ" ಅನ್ನೋ ಉತ್ತರ ಸಿಕ್ಕಿಬಿಡುತ್ತೆ, ಖುಷಿ ಹಿಂದಕ್ಕೆ ಸರಿಯುತ್ತೆ.

"ಹಂಗಾದ್ರೆ ಏನೂ ಕೊಡ್ಲೇಬಾರ್ದಾ?" ಅಂದರು. ಹಾಗಲ್ಲ. ಯಾರಿಗೂ ಇಷ್ಟವಿಲ್ಲದ ಕೆಲಸಕ್ಕೆ, ಸೂತ್ರ ಬಾಯಿಪಾಠ ಮಾಡೋದು ಅಂತಿಟ್ಟುಕೊಳ್ಳಿ, ಶುರುವಿನಲ್ಲಿ ಒಂದು ಸಣ್ಣ ಆಸೆ ತೋರಿಸಿದ್ರೆ ತಪ್ಪಿಲ್ಲ. ಇಷ್ಟ ಇರೋದಕ್ಕೆ ಕೂಲಿ ಕಟ್ಟಬೇಡಿ.

ಮೊದಲು ಆ ಮುನ್ನೂರು ತೀರಿಸಿ ಅಂದೆ, ಮಾತು ಮಾತೇ ಅಲ್ವಾ. ಆಮೇಲೆ ಲೆಕ್ಕ ಮುಗೀತು ಅಂತ ಬಿಡಿಸಿ ಹೇಳಿ. ಸಿಗುತ್ತಿದ್ದದ್ದು ನಿಂತಾಗ ಸಿಟ್ಟು, ಹಠ ಸ್ವಲ್ಪ ದಿನ ಜಾಸ್ತಿಯಾಗುತ್ತೆ. ಆಗ ಸೋತು ನೂರರ ನೋಟು ತೆಗೆದರೆ ಹಠ ಮಾಡಿದ್ರೆ ಸಿಗುತ್ತೆ ಅಂತ ಅವನಿಗೆ ಕಲಿಸಿದ ಹಾಗೆ. ಇವತ್ತು ಯಾವ ಪಾಠ ಅನ್ನೋದನ್ನ ಅವನೇ ಆರಿಸಲಿ. ಸಂಜೆ ಕೊಪ್ಪರಿಗೆ ಹತ್ತಿರ ಕೂರಿಸಿಕೊಂಡು ಕೇಳಿ, ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕ್ತೀವಿ? ಅವನ ಪುಸ್ತಕದ ಆಮ್ಲ, ಪ್ರತ್ಯಾಮ್ಲದ ಪಾಠ ಅಲ್ಲೇ ಕುದೀತಾ ಇದೆ.

ಹುಡುಗ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿಬಿಟ್ಟ: "ಅಪ್ಪಂಗೆ ಗೊತ್ತಿಲ್ಲ ಮೇಡಂ, ತಾತ ಹಾಕ್ತಿದ್ರು ಅಂತ ಹಾಕ್ತಾರೆ."

ಆರು ವಾರಕ್ಕೆ ಮತ್ತೆ ಬಂದರು. ಮೊದಲ ಎರಡು ವಾರ ಪುಸ್ತಕ ಮುಟ್ಟಿರಲಿಲ್ಲವಂತೆ, ಅಪ್ಪ ಹಲ್ಲು ಕಚ್ಚಿಕೊಂಡು ಸುಮ್ನಿದ್ದರಂತೆ. ನೋಟ್‌ಬುಕ್ಕಿನಲ್ಲಿ ಬಾಕಿ ಹೊಡೆದುಹಾಕಿದೆ. ಮಗ್ಗುಲ ಪುಟದಲ್ಲಿ "ಸುಣ್ಣ ಜಾಸ್ತಿಯಾದ್ರೆ ಬೆಲ್ಲ ಕಪ್ಪಾಗೋದು ಯಾಕೆ?" ಅಂತ ಬರೆದಿದ್ದಾನೆ. ಗಣಿತ ಮಾತ್ರ ಇನ್ನೂ ಹಾಗೇ ಇದೆ, ಅದಕ್ಕೆ ಮುಂದಿನ ಶನಿವಾರ ಬರೋಕೆ ಹೇಳಿದ್ದೇನೆ.