ಕ್ಯಾಮೊಯೆನ್ಸಿಯಾ ಬಳ್ಳಿ: ಕಡ್ಡಿ ಕೊಳೆಯುತ್ತಿದ್ದರೆ ಗೂಟಿ ಕಟ್ಟಿ

ಹೊಸ ಗಿಡ ಮಾಡಲು ನೆಟ್ಟ ಕಡ್ಡಿಗಳೆಲ್ಲ ಬುಡದಲ್ಲಿ ಕಪ್ಪಾಗಿ ಕೊಳೆಯುತ್ತಿವೆ, ಬಳ್ಳಿ ಹೂ ಬಿಡಲು ಏನು ಮಾಡಬೇಕು ಎಂದು ಕೇಳಿದ್ದೀರಿ. ಎಳೆ ಹಸಿರು ಕುಡಿ ತೆಗೆದು, ನೀರು ನಿಲ್ಲುವ ಮಣ್ಣಿಗೆ ನೆಟ್ಟರೆ ಹಾಗೆಯೇ ಆಗುವುದು. ಕ್ಯಾಮರೂನಿನಿಂದ ಅಂಗೋಲಾವರೆಗಿನ ಮಳೆಕಾಡಿನ ಈ ಬಳ್ಳಿಗೆ ತೇವ ಗಾಳಿಯಲ್ಲಿರಬೇಕು, ಬುಡದಲ್ಲಿ ನಿಲ್ಲಬಾರದು.

ಬೇರೆ ಕಡ್ಡಿ ಹಾಳುಮಾಡುವ ಬದಲು ಗೂಟಿ ಕಟ್ಟಿ, ಅಂದರೆ ಕೊಂಬೆ ಬಳ್ಳಿಯಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ ಆಮೇಲೆ ಕತ್ತರಿಸಿಕೊಳ್ಳಿ. ಅದೇ ಹೆಚ್ಚು ಭರವಸೆಯ ದಾರಿ. ಪೆನ್ಸಿಲ್ ದಪ್ಪದ, ತೊಗಟೆ ಕಂದು ಬಣ್ಣಕ್ಕೆ ತಿರುಗಿದ ಕೊಂಬೆಯಲ್ಲಿ ಎರಡು ಸೆಂ.ಮೀ. ಅಗಲಕ್ಕೆ ಸುತ್ತ ತೊಗಟೆ ಬಿಡಿಸಿ. ಒಳಗಿನ ಲೋಳೆ ಪದರವನ್ನು ಪೂರ್ತಿ ಕೆರೆಯಿರಿ. ಉಳಿದರೆ ಗಾಯ ಮತ್ತೆ ಕೂಡಿಕೊಂಡು ಬೇರೇ ಬರುವುದಿಲ್ಲ. ಗಾಯದ ಮೇಲಂಚಿಗೆ 3000 ಪಿಪಿಎಂ ಐಬಿಎ ಪುಡಿ (ಬೇರು ಬರಿಸುವ ಹಾರ್ಮೋನು) ಹಚ್ಚಿ, ನೆನೆಸಿ ಗಟ್ಟಿಯಾಗಿ ಹಿಂಡಿದ ಪಾಚಿ (ಸ್ಫ್ಯಾಗ್ನಮ್ ಮಾಸ್) ಸುತ್ತಿ, ಪ್ಲಾಸ್ಟಿಕ್‌ನಿಂದ ಎರಡೂ ತುದಿ ಬಿಗಿಯಿರಿ. ಬೇರು ಬಿಳಿ ಇರುವಾಗ ಕೊಂಬೆ ಕತ್ತರಿಸಬೇಡಿ, ಬೇರು ಕವಲೊಡೆದು ಕಂದು ಬಣ್ಣಕ್ಕೆ ತಿರುಗಲಿ. ಕತ್ತರಿಸಿದ ಮೇಲೆ ಅರ್ಧ ಎಲೆ ತೆಗೆದು, ಕೆಲವು ವಾರ ನೆರಳಲ್ಲಿಡಿ.

ಹೂವಿನ ಬಗ್ಗೆಯೂ ಕೇಳಿದ್ದಿರಲ್ಲ? ಕುಂಡದಲ್ಲಿ ಹೂ ಬಿಡುವ ಆಸೆ ಕಡಿಮೆ. ಬುಡ ನೆರಳಲ್ಲಿ, ತಲೆ ಬಿಸಿಲಲ್ಲಿ ಇರುವಂತೆ ಗಟ್ಟಿ ಮರಕ್ಕೋ ಕಬ್ಬಿಣದ ಚಪ್ಪರಕ್ಕೋ ಹಬ್ಬಿಸಿ. ಯೂರಿಯಾ ಬೇಡವೇ ಬೇಡ, ಬರೀ ಎಲೆ ಬೆಳೆಯುತ್ತದೆ. ಕತ್ತರಿ ಹಾಕುವುದಿದ್ದರೆ ಹೂ ಮುಗಿದ ಮೇಲೆ ಮಾತ್ರ.