ಚುನಾವಣಾ ಫಲಿತಾಂಶಕ್ಕೆ ಮುಂಚೆ ಎಂಟಿಎಫ್‌ನಲ್ಲಿ (ಬ್ರೋಕರ್ ಕೊಡುವ ಸಾಲದಲ್ಲಿ) ಸರ್ಕಾರಿ ಕಂಪನಿಗಳ ಷೇರು ಕೊಂಡಿಡಬಹುದೇ?

ಯಾರು ಗೆಲ್ಲುತ್ತಾರೆ ಅನ್ನೋದು ನಿಚ್ಚಳವಾಗಿದೆ, ಕೈಯಲ್ಲಿ ಮೂರು ಲಕ್ಷ ಇದೆ, ಮಿಕ್ಕಿದ್ದು ಬ್ರೋಕರ್ ಆ್ಯಪ್ ಕೊಡುತ್ತೆ ಅಂತ ಬರೆದಿದ್ದೀರಿ. 2024ರ ಜೂನ್‌ನಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಮೊತ್ತ ಕೂಡ ಹೆಚ್ಚುಕಡಿಮೆ ಇಷ್ಟೇ.

ಜೂನ್ 1, ಶನಿವಾರ ಸಂಜೆ ಕೊನೆಯ ಹಂತದ ಮತದಾನ ಮುಗಿದು ಎಕ್ಸಿಟ್ ಪೋಲ್‌ಗಳು ಬಂದವು. ಹೆಚ್ಚಿನವು ಎನ್‌ಡಿಎಗೆ 350ಕ್ಕೂ ಮೇಲೆ ಕೊಟ್ಟಿದ್ದವು. ಸೋಮವಾರ ಸೆನ್ಸೆಕ್ಸ್ 2,507 ಅಂಕ ಜಿಗಿದು 76,468ಕ್ಕೆ ಮುಗಿಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಮುಂಬೈ ಷೇರುಪೇಟೆ ಇರುವ ದಲಾಲ್ ಸ್ಟ್ರೀಟ್ ಅವತ್ತು ಕುಲಾವಿ ಅಂಗಡಿಯನ್ನೇ ಖಾಲಿ ಮಾಡಿತ್ತು. ನಾನು ಕೊಂಡದ್ದೂ ಆ ಸೋಮವಾರವೇ, ವಿದ್ಯುತ್ ಯೋಜನೆಗಳಿಗೆ ಸಾಲ ಕೊಡುವ ಸರ್ಕಾರಿ ಕಂಪನಿಯೊಂದನ್ನು. ಅದಕ್ಕೂ ಮುಂಚೆ ಮೇ ತಿಂಗಳಲ್ಲಿ ಗೃಹ ಸಚಿವ ಅಮಿತ್ ಶಾ ಸಂದರ್ಶನವೊಂದರಲ್ಲಿ ಜೂನ್ 4ರೊಳಗೆ ಷೇರು ಕೊಂಡುಕೊಳ್ಳಿ ಅಂದಿದ್ದರು. ಆಮೇಲೆ ರಾಹುಲ್ ಗಾಂಧಿ ಇದಕ್ಕೆ ಜಂಟಿ ಸಂಸದೀಯ ಸಮಿತಿಯ (ಜೆಪಿಸಿ) ತನಿಖೆ ಕೇಳಿದ್ದೂ ಆಯಿತು. ನಾನು ಶಾ ಮಾತು ಕೇಳಿ ಕೊಂಡೆ ಅಂತ ಹೇಳಿಬಿಟ್ಟರೆ ಸುಲಭ, ಆದರೆ ಅದು ಸುಳ್ಳು. ಸೋಮವಾರದ ಹಸಿರು ಬಣ್ಣ ನೋಡಿ ತಡೆಯಲಾಗಲಿಲ್ಲ, ಅಷ್ಟೇ.

ಮಂಗಳವಾರ ಎಣಿಕೆ. ಬಿಜೆಪಿ 240, ಎನ್‌ಡಿಎ ಒಟ್ಟು 293. ಸರ್ಕಾರ ಬದಲಾಗಲಿಲ್ಲ, ಗಮನಿಸಿ. ಆದರೂ ಸೆನ್ಸೆಕ್ಸ್ ಮಧ್ಯದಲ್ಲಿ 6,000ಕ್ಕೂ ಹೆಚ್ಚು ಅಂಕ ಕುಸಿದು, ಕೊನೆಗೆ 4,389 ಅಂಕ ಕಳೆದುಕೊಂಡು ನಿಂತಿತು. ಎಸ್‌ಬಿಐ ಒಂದೇ ದಿನದಲ್ಲಿ ಶೇ 14ರಷ್ಟು ಇಳಿಯಿತು. ಮೈತ್ರಿ ಸರ್ಕಾರ ಅಂದರೆ ರಸ್ತೆ, ರೈಲು, ವಿದ್ಯುತ್ತಿಗೆ ಹೋಗುವ ಹಣ ಜನಪ್ರಿಯ ಯೋಜನೆಗಳಿಗೆ ತಿರುಗುತ್ತೆ ಅನ್ನೋ ಭಯ. ಸೋಪು, ಚಹಾಪುಡಿ ಮಾರುವ ಹಿಂದೂಸ್ತಾನ್ ಯೂನಿಲಿವರ್ ಅವತ್ತು ಏರಿತ್ತು!

ಈಗ ನನ್ನ ತಪ್ಪಿಗೆ ಬರ್ತೀನಿ. ಇದನ್ನು ಸ್ವಲ್ಪ ಎಳೆದು ಹೇಳ್ತೀನಿ, ಬೇಜಾರಾದರೂ ಓದಿ. ಊಹೆ ತಪ್ಪಿದ್ದಲ್ಲ ನನ್ನ ತಪ್ಪು. ಮೂರು ಲಕ್ಷ ನನ್ನದು, ಏಳು ಲಕ್ಷ ಬ್ರೋಕರ್‌ದು, ಸೇರಿ ಹತ್ತು ಲಕ್ಷದ ಷೇರು. ಸಂಜೆ ಓಟಿಪಿ ಹಾಕಿ ಆ ಷೇರುಗಳನ್ನು ಅವರಿಗೇ ಅಡ ಇಟ್ಟೆ, ಅದು ಎಂಟಿಎಫ್ ನಿಯಮ. ಷೇರು ಶೇ 20 ಇಳಿದರೆ ಹತ್ತು ಲಕ್ಷದ ಮಾಲು ಎಂಟು ಲಕ್ಷ ಆಗುತ್ತೆ. ಬ್ರೋಕರ್‌ನ ಏಳು ಲಕ್ಷಕ್ಕೆ ಒಂದು ಪೈಸೆ ಕಡಿಮೆಯಾಗಲ್ಲ. ಎರಡು ಲಕ್ಷ ಪೂರ್ತಿ ನನ್ನ ಮೂರರಲ್ಲೇ ಕಳೆಯುತ್ತೆ. ಎಂಟು ಲಕ್ಷದ ಷೇರಿಗೆ ಶೇ 30 ಮಾರ್ಜಿನ್ (ನನ್ನ ಸ್ವಂತ ಹಣದ ಪಾಲು) ಅಂದರೂ 2.4 ಲಕ್ಷ ಇರಬೇಕು, ನನ್ನ ಹತ್ತಿರ ಉಳಿದದ್ದು ಒಂದು ಲಕ್ಷ. ಮಾರ್ಜಿನ್ ಇಷ್ಟು ಸವೆದರೆ ನಮ್ಮನ್ನು ಕೇಳದೆ ಮಾರುವ ಹಕ್ಕು ಅವರಿಗಿದೆ ಅಂತ ಖಾತೆ ತೆರೆಯುವಾಗ ನಾನೇ ಟಿಕ್ ಹಾಕಿದ್ದ ಕರಾರಿನಲ್ಲಿದೆ. ಎಫ್‌ಡಿ ಮುರಿದು ಹಣ ತುಂಬೋಣ ಅಂತ ಬ್ಯಾಂಕಿನ ಆ್ಯಪ್ ತೆರೆದು ಪಾಸ್‌ವರ್ಡ್ ಒತ್ತುತ್ತಿರುವಾಗಲೇ ಫೋನಿನ ನೆತ್ತಿ ಮೇಲೆ ‘ಪೊಸಿಷನ್ ಸ್ಕ್ವೇರ್ಡ್ ಆಫ್’ ಅಂತ ಬಂತು. ಮಧ್ಯಾಹ್ನದ ತಳದ ಹತ್ತಿರದ ಬೆಲೆಗೇ ಮಾರಿದ್ದರು. ಮೂರು ಲಕ್ಷದಲ್ಲಿ ಎರಡು ಲಕ್ಷ ಹೋಯಿತು. ಬಡ್ಡಿ, ಅಡದ ಶುಲ್ಕ ಬೇರೆ.

ಶುಕ್ರವಾರ, ಜೂನ್ 7ರಂದು ಸೆನ್ಸೆಕ್ಸ್ 76,693. ಸೋಮವಾರಕ್ಕಿಂತ ಮೇಲೆ! ಸಾಲವಿಲ್ಲದೆ ಕೊಂಡಿದ್ದ ನನ್ನ ಭಾವ ಮಂಗಳವಾರ ಟಿವಿ ಆರಿಸಿ ಅಡಿಕೆ ತೋಟಕ್ಕೆ ಹೋದವರು. ಅವರ ಷೇರು ಇನ್ನೂ ಅವರ ಹತ್ತಿರವೇ ಇದೆ.

ಹಾಗಾಗಿ ‘ಯಾರು ಗೆಲ್ತಾರೆ’ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. 2019ರಲ್ಲಿ ಎಲ್ಲರ ಊಹೆಯೂ ಸರಿಯಾಗಿತ್ತು. ಫಲಿತಾಂಶದ ದಿನ ಸೆನ್ಸೆಕ್ಸ್ ಮೊದಲ ಬಾರಿಗೆ 40,000 ಮುಟ್ಟಿತು, ಆದರೆ ಸಂಜೆಗೆ ಸುಮಾರು 300 ಅಂಕ ನಷ್ಟದಲ್ಲಿ ಮುಗಿಯಿತು. ಗೆಲುವಿನ ಬೆಲೆಯನ್ನು ಪೇಟೆ ಮೊದಲೇ ಕಟ್ಟಿಬಿಟ್ಟಿತ್ತು. ನೀವು 2009ರ ಮೇ 18ರ ಅಪ್ಪರ್ ಸರ್ಕ್ಯೂಟ್ (ಏರಿಕೆಯ ಮಿತಿ ಮುಟ್ಟಿ ವಹಿವಾಟು ನಿಂತದ್ದು) ನೆನಪಿಸಿದ್ದೀರಿ. ನಿಜ, 2,110 ಅಂಕ. ಆದರೆ ಅದು ಯುಪಿಎಗೆ ಅಷ್ಟು ಸೀಟು ಬರುತ್ತೆ ಅಂತ ಪೇಟೆ ನಂಬದೇ ಇದ್ದಾಗ ಆದದ್ದು. ನಿಮಗೆ ನಿಚ್ಚಳವಾಗಿ ಕಾಣುತ್ತಿರುವುದು ಮುಂಬೈನಲ್ಲಿ ಕೂತ ಫಂಡ್ ಮ್ಯಾನೇಜರಿಗೆ ಕಾಣಲ್ವಾ? 2004ರ ಮೇ 17ನ್ನೂ ನೆನಪಿಸಿಕೊಳ್ಳಿ. ವಾಜಪೇಯಿ ಸರ್ಕಾರ ಸೋತು, ಎಡಪಕ್ಷಗಳು ಬಂಡವಾಳ ಹಿಂತೆಗೆತ (ಸರ್ಕಾರಿ ಕಂಪನಿಗಳ ಷೇರು ಮಾರಾಟ) ಬೇಡ ಅಂದದ್ದಕ್ಕೆ ಒಂದೇ ದಿನ ಎರಡು ಸಲ ವಹಿವಾಟು ನಿಲ್ಲಿಸಬೇಕಾಯಿತು. ಎಂಟಿಎಫ್‌ನಲ್ಲಿದ್ದು ಅಂಥ ದಿನ ಬಂದರೆ, ಮಾರಬೇಕು ಅಂದರೂ ನಿಮಗೆ ಆಗಲ್ಲ.

ಇನ್ನು ನೀತಿಯ ವಿಷಯ. 2024ರ ಜುಲೈ 23ರ ಬಜೆಟ್‌ನಲ್ಲಿ ಬಂಡವಾಳ ವೆಚ್ಚ (ರಸ್ತೆ, ರೈಲಿನಂಥವಕ್ಕೆ ಹಾಕುವ ಹಣ) ಫೆಬ್ರವರಿಯಲ್ಲಿ ಹೇಳಿದಂತೆಯೇ 11.11 ಲಕ್ಷ ಕೋಟಿ ರೂಪಾಯಿ ಇತ್ತು. ಮಂಗಳವಾರದ ಭಯ ಸುಳ್ಳಾಯಿತು. ಆದರೆ ಪೇಟೆ ಬೇಕು ಬೇಕು ಅಂದ ಅದೇ ಸರ್ಕಾರ ಅದೇ ಬಜೆಟ್‌ನಲ್ಲಿ ಷೇರಿನ ಅಲ್ಪಾವಧಿ ಲಾಭದ ತೆರಿಗೆಯನ್ನು ಶೇ 15ರಿಂದ 20ಕ್ಕೆ, ದೀರ್ಘಾವಧಿಯದನ್ನು ಶೇ 10ರಿಂದ 12.5ಕ್ಕೆ ಏರಿಸಿತು. ಇದನ್ನು ಯಾವ ಎಕ್ಸಿಟ್ ಪೋಲ್ ಹೇಳಿತ್ತು?

ಮೂರು ಲಕ್ಷಕ್ಕೆ ಮೂರೇ ಲಕ್ಷದ ಷೇರು ತಗೊಳ್ಳಿ, ನನ್ನ ಅಡ್ಡಿಯಿಲ್ಲ. ಎಂಟಿಎಫ್ ಬಟನ್ ಮಾತ್ರ ಮುಟ್ಟಬೇಡಿ. ಈಗಾಗಲೇ ಮುಟ್ಟಿದ್ದರೆ ಎಣಿಕೆಗೆ ಮುಂಚೆಯೇ ಒಂದಷ್ಟು ಮಾರಿ, ಬ್ರೋಕರ್ ಬಾಕಿ ತೀರಿಸಿ, ಉಳಿದದ್ದನ್ನು ಸಾಲವಿಲ್ಲದ ಮಾಮೂಲಿ ಡೆಲಿವರಿಗೆ ಬದಲಾಯಿಸಿಕೊಳ್ಳಿ. ನಷ್ಟವಾಗಿಬಿಟ್ಟರೆ ಐಟಿ ರಿಟರ್ನ್ ಗಡುವಿನೊಳಗೇ ಸಲ್ಲಿಸಿ. ಅಲ್ಪಾವಧಿ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ದು ಮುಂದಿನ ಷೇರು ಲಾಭದಲ್ಲಿ ಕಳೆಯಬಹುದು. ತಡವಾದರೆ ಆ ಅವಕಾಶವೂ ಹೋಗುತ್ತೆ.