ಓದುಗರ ಪ್ರಶ್ನೋತ್ತರ: ಆಳವಿಲ್ಲದ ಕೊಲ್ಲಿಗೆ ಯಾವ ಕ್ಯಾಟಮರಾನ್?

ಪ್ರಶ್ನೆ: ಮಾನ್ಯರೆ, ಬಹುಭಾಗ ಸೊಂಟದಾಳಕ್ಕಿಂತ ಕಡಿಮೆ ನೀರಿರುವ ಕೊಲ್ಲಿಯೊಂದರಲ್ಲಿ ಗಾಳ ಹಾಕಲು ನಾವು ಮೂವರು ಗೆಳೆಯರು ಸೇರಿ ಸುಮಾರು ಐದೂವರೆ ಮೀಟರ್ ಉದ್ದದ ಫೈಬರ್ ಕ್ಯಾಟಮರಾನ್ (ಎರಡು ಒಡಲುಗಳನ್ನು ಅಕ್ಕಪಕ್ಕ ಜೋಡಿಸಿದ ದೋಣಿ) ಕೊಳ್ಳಬೇಕೆಂದಿದ್ದೇವೆ. ಮೂರು ಬಗೆಯ ದೋಣಿಗಳನ್ನು ನೋಡಿ ಬಂದೆವು. ಮೊದಲನೆಯದಕ್ಕೆ ಸಪೂರವಾದ ಎರಡು ಒಡಲುಗಳೂ ಎತ್ತರದ ಡೆಕ್ಕೂ ಇವೆ. ಎರಡನೆಯದಕ್ಕೆ ಅಗಲವಾದ, ಬಹುತೇಕ ಚಪ್ಪಟೆ ತಳದ ಒಡಲುಗಳಿದ್ದು ಅವುಗಳ ನಡುವಿನ ಸುರಂಗ ತಗ್ಗಾಗಿದೆ. ಮೂರನೆಯದು ಎರಡನೆಯದರಂತೆಯೇ ಇದ್ದರೂ ಸುರಂಗದ ಹಿಂಭಾಗದಲ್ಲಿ, ಎಂಜಿನ್ನಿನ ಮುಂದೆ, ಚಿಕ್ಕದೊಂದು ನಡು ಒಡಲನ್ನು ಕೂಡಿಸಿದ್ದಾರೆ. ಮೂರೂ ಕಡೆ ಕೇಳಿದ ಮಾತು ಒಂದೇ: 'ಒಂದು ಗೇಣು ನೀರು ಸಾಕು.' ಇವುಗಳಲ್ಲಿ ಆರಿಸುವುದು ಹೇಗೆ?

ಉತ್ತರ: 'ಒಂದು ಗೇಣು ನೀರು' ಎಂಬ ಮಾತು ನಿಜವೇ ಇರಬಹುದು, ಆದರೆ ದೋಣಿ ಏನು ಮಾಡುತ್ತಿರುವಾಗ ಒಂದು ಗೇಣು ಎಂಬುದನ್ನು ಕೇಳದೆ ಅಲ್ಲಿಂದ ಹೊರಡಬಾರದು. ಆಳವಿಲ್ಲದ ನೀರಿನ ದೋಣಿಗೆ ಮೂರು ಬೇರೆ ಬೇರೆ ಆಳಗಳಿವೆ: ನಿಂತಾಗ ತೇಲಲು ಬೇಕಾದ ಆಳ, ವೇಗದಲ್ಲಿ ಓಡಲು ಬೇಕಾದ ಆಳ, ಮತ್ತು ನಿಂತಲ್ಲಿಂದ ಹೊರಟು ನೀರಿನ ಮೇಲಕ್ಕೆ ಏಳಲು ಬೇಕಾದ ಆಳ. ಮೂರರಲ್ಲಿ ಎರಡನೆಯದು ಅತಿ ಕಡಿಮೆ, ಆದ್ದರಿಂದ ಹೇಳಿಕೊಳ್ಳಲು ಅದೇ ಚೆಂದ. ಮೂರನೆಯದು ಎಲ್ಲಕ್ಕಿಂತ ಹೆಚ್ಚು, ಮತ್ತು ಕೊಲ್ಲಿಯ ನಡುವೆ ಇಳಿತಕ್ಕೆ ಸಿಕ್ಕಿದವರು ಅಂದು ಮನೆಗೆ ಬರುತ್ತಾರೋ ಇಲ್ಲವೋ ಎಂಬುದು ಅದನ್ನೇ ಅವಲಂಬಿಸಿರುತ್ತದೆ.

ಮೊದಲು ನಿಂತ ದೋಣಿಯನ್ನು ನೋಡೋಣ. ಎರಡು ಒಡಲುಗಳಿದ್ದ ಮಾತ್ರಕ್ಕೆ ದೋಣಿ ಕಡಿಮೆ ಮುಳುಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಲೆಕ್ಕ ಅದಕ್ಕೆ ವಿರುದ್ಧವಾಗಿದೆ. ದೋಣಿ ತನ್ನ ತೂಕದಷ್ಟು ನೀರನ್ನು ಸರಿಸಬೇಕು. ನೀರಿನ ಮಟ್ಟದಲ್ಲಿ ಒಡಲಿನ ಅಡ್ಡಕೊಯ್ತದ ವಿಸ್ತೀರ್ಣ ಕಡಿಮೆಯಾದಷ್ಟೂ ಅದು ಕೆಳಕ್ಕೆ ಇಳಿಯಲೇಬೇಕು. ಕಡಲ ನೀರಿನಲ್ಲಿ ಒಂದು ಚದರ ಮೀಟರ್ ವಿಸ್ತೀರ್ಣವು ಒಂದು ಸೆಂಟಿಮೀಟರ್ ಇಳಿದಾಗ ಸುಮಾರು 10.25 ಕಿಲೋ ಭಾರವನ್ನು ಹೊರುತ್ತದೆ. ಐದೂವರೆ ಮೀಟರ್ ಉದ್ದದ ದೋಣಿಯಲ್ಲಿ ಮುಂಭಾಗ ಕಿರಿದಾಗುವುದನ್ನೂ ಲೆಕ್ಕಕ್ಕೆ ಹಿಡಿದರೆ, ತಲಾ 45 ಸೆಂಟಿಮೀಟರ್ ಅಗಲದ ಸಪೂರ ಒಡಲುಗಳ ಜೋಡಿಯನ್ನು ಒಂದು ಸೆಂಟಿಮೀಟರ್ ಇಳಿಸಲು ಸುಮಾರು 43 ಕಿಲೋ ಸಾಕು, ತಲಾ 70 ಸೆಂಟಿಮೀಟರ್ ಅಗಲದ ಒಡಲುಗಳಿಗೆ 67 ಕಿಲೋ ಬೇಕು, 1.8 ಮೀಟರ್ ಅಗಲದ ಚಪ್ಪಟೆ ತಳದ ಒಂಟಿ ಒಡಲಿನ ದೋಣಿಗೆ 86 ಕಿಲೋ ಬೇಕು. ನೀವು ಮೂವರೂ ಸೇರಿ 240 ಕಿಲೋ ಎಂದುಕೊಂಡರೆ, ನೀವು ಹತ್ತಿದ ಕೂಡಲೇ ಮೊದಲನೆಯ ದೋಣಿ ಐದೂವರೆ ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಇಳಿಯುತ್ತದೆ, ಎರಡನೆಯದು ಮೂರೂವರೆ, ಒಂಟಿ ಒಡಲಿನದು ಮೂರಕ್ಕೂ ಕಡಿಮೆ. ಇದಕ್ಕೆ ಇಂಧನ, ಲಂಗರು, ಬ್ಯಾಟರಿ, ಮಂಜುಗಡ್ಡೆಯ ಪೆಟ್ಟಿಗೆ, ಸಂಜೆಯ ಹೊತ್ತಿಗೆ ಹಿಡಿದ ಮೀನು ಇವೆಲ್ಲ ಕೂಡುತ್ತವೆ. ಸಪೂರ ಒಡಲಿನ ಕ್ಯಾಟಮರಾನ್ ಹೊರೆಯನ್ನು ಸಹಿಸುವುದಿಲ್ಲ ಎಂದು ಅನುಭವಸ್ಥರು ಹೇಳುವುದು ಈ ಕಾರಣಕ್ಕೆ, ಮತ್ತು ಆ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಹಾಗಾದರೆ ಕ್ಯಾಟಮರಾನ್ ಆಳವಿಲ್ಲದ ನೀರಿಗೆ ಹೆಸರಾದದ್ದು ಹೇಗೆ? ಅದರ ಬಲ ಇರುವುದು ಓಟದಲ್ಲಿ. ಸಾಮಾನ್ಯ ದೋಣಿಯಲ್ಲಿ ಎಂಜಿನ್ನಿನ ಫ್ಯಾನು (ನೀರಿನೊಳಗೆ ತಿರುಗಿ ದೋಣಿಯನ್ನು ತಳ್ಳುವ ಪ್ರೊಪೆಲ್ಲರ್) ತಳಕ್ಕಿಂತ ಕೆಳಗೆ ಇಳಿದಿರಬೇಕು, ಇಲ್ಲವಾದರೆ ಅದಕ್ಕೆ ನೀರು ಸಿಗುವುದಿಲ್ಲ. ಜೋಡಿ ಒಡಲಿನ ದೋಣಿಯಲ್ಲಿ ಸುರಂಗದ ಮೂಲಕ ಹಾದುಬರುವ ನೀರು ಹಿಂಭಾಗದಲ್ಲಿ ಒಡಲುಗಳ ತಳಕ್ಕಿಂತ ಎತ್ತರದಲ್ಲಿ ಹೊರಬೀಳುವುದರಿಂದ ಫ್ಯಾನನ್ನು ಅಷ್ಟೇ ಮೇಲಕ್ಕೆತ್ತಿ ಓಡಿಸಬಹುದು. ಎಂಜಿನ್ನನ್ನು ಓರೆಯಾಗಿಸದೆ ನೆಟ್ಟಗೆ ಮೇಲೆತ್ತುವ ಜ್ಯಾಕ್ ಪ್ಲೇಟ್ ಇದ್ದಾಗ ಮಾತ್ರ ಈ ಅನುಕೂಲ ಪೂರ್ತಿಯಾಗಿ ದಕ್ಕುತ್ತದೆ. ಆದರೆ ಸುರಂಗದ ನೀರಿನಲ್ಲಿ ಗಾಳಿ ಬೆರೆತಿರುತ್ತದೆ, ಆ ನೊರೆನೀರಿನಲ್ಲಿ ಫ್ಯಾನು ಹಿಡಿತ ತಪ್ಪಿ ಬರಿದೇ ತಿರುಗುತ್ತದೆ, ಎಂಜಿನ್ ಅಬ್ಬರಿಸಿದರೂ ದೋಣಿ ಮುಂದೆ ಹೋಗುವುದಿಲ್ಲ. ಅಲಗಿನ ಅಂಚನ್ನು ಬಟ್ಟಲಿನಂತೆ ಬಾಗಿಸಿದ ನಾಲ್ಕು ಅಲಗಿನ ಫ್ಯಾನು ಇಲ್ಲಿ ಮೂರು ಅಲಗಿನದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ನೀವು ನೋಡಿದ ಮೂರನೆಯ ದೋಣಿಯ ನಡು ಒಡಲು ಇರುವುದೂ ಇದೇ ತೊಂದರೆಗೆ ಪರಿಹಾರವಾಗಿ. ಅದು ಫ್ಯಾನಿಗೆ ಗಾಳಿ ಬೆರೆಯದ ಗಟ್ಟಿ ನೀರನ್ನು ಒದಗಿಸುತ್ತದೆ ಮತ್ತು ಎಂಜಿನ್ನಿನ ಭಾರದಿಂದ ಹಿಂಭಾಗ ಕುಸಿಯುವುದನ್ನು ಒಂದಿಷ್ಟು ತಡೆಯುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ ಸುರಂಗದ ಎತ್ತರದಲ್ಲಿ ಒಂದು ಪಾಲು ಕಳೆದುಹೋಗುವುದು.

ಇನ್ನು ಮೂರನೆಯ ಆಳ. ಆಳವಿಲ್ಲದ ನೀರಿನಲ್ಲಿ ಅಲೆಯ ವೇಗಕ್ಕೆ ಒಂದು ಮಿತಿಯಿದೆ: ಅರ್ಧ ಮೀಟರ್ ನೀರಿನಲ್ಲಿ ಗಂಟೆಗೆ ಸುಮಾರು 8 ಕಿಲೋಮೀಟರ್, ಒಂದು ಮೀಟರ್ ನೀರಿನಲ್ಲಿ ಸುಮಾರು 11. ದೋಣಿಯ ವೇಗ ಈ ಮಿತಿಯ ಹತ್ತಿರ ಬಂದಾಗ ಅದು ಎಬ್ಬಿಸಿದ ಅಲೆ ಅದನ್ನು ಬಿಟ್ಟು ಸರಿಯಲಾರದೆ ಜೊತೆಯಲ್ಲೇ ರಾಶಿಯಾಗುತ್ತದೆ, ಎದುರಿನ ತಡೆ ಒಮ್ಮೆಲೇ ಏರುತ್ತದೆ, ಹಿಂಭಾಗ ಕೆಳಕ್ಕೆ ಕೂರುತ್ತದೆ. ಅಂದರೆ ಏಳಬೇಕಾದ ಗಳಿಗೆಯಲ್ಲೇ ದೋಣಿ ಅತಿ ಹೆಚ್ಚು ಆಳವನ್ನು ಕೇಳುತ್ತದೆ. ಸಪೂರ ಒಡಲುಗಳು ಎಬ್ಬಿಸುವ ಅಲೆ ಚಿಕ್ಕದಾದ್ದರಿಂದ ಅವು ಈ ದಿಬ್ಬವನ್ನು ಸಲೀಸಾಗಿ ದಾಟುತ್ತವೆ; ಅಗಲ ಒಡಲಿನವು ಎಂಜಿನ್ನಿನ ಬಲದಿಂದ ಅದನ್ನು ಹಾರಿ ದಾಟಬೇಕು. ಓಡುವಾಗ ಒಂದು ಗೇಣು ಸಾಕಾಗುವ ದೋಣಿಗೆ ಏಳಲು ಅದರ ಎರಡು ಮೂರು ಪಟ್ಟು ನೀರು ಬೇಕಾದರೆ ಅಚ್ಚರಿಯಿಲ್ಲ.

ಇದನ್ನು ನೋಡಿ ತಿಳಿಯುವುದು ಕಷ್ಟವಲ್ಲ. ಪರೀಕ್ಷೆಯ ಓಟಕ್ಕೆ ಮೂವರೂ ಹೋಗಿ, ನಿಮ್ಮ ಸಾಮಾನುಗಳನ್ನೆಲ್ಲ ಹೇರಿ, ಟ್ಯಾಂಕ್ ತುಂಬಿಸಿ. ಐದೈದು ಸೆಂಟಿಮೀಟರಿಗೆ ಗುರುತು ಹಾಕಿದ ಉದ್ದ ಕೋಲೊಂದು ಕೈಯಲ್ಲಿರಲಿ. ಮೆತ್ತನೆಯ ಮರಳಿನ, ಹುಲ್ಲಿಲ್ಲದ ಜಾಗದಲ್ಲಿ ಆಳದಿಂದ ತೆಳುನೀರಿಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತ, ಪ್ರತಿ ಸಲ ನಿಲ್ಲಿಸಿ ಹೊರಟು, ಯಾವ ಆಳದಲ್ಲಿ ಅದು ಏಳಲು ತಿಣುಕುತ್ತದೆ ಎಂದು ಬರೆದುಕೊಳ್ಳಿ. ಎಂಜಿನ್ನನ್ನು ಮೇಲೆತ್ತಿದಾಗ ತಂಪು ನೀರಿನ ಒತ್ತಡದ ಮುಳ್ಳು ಇಳಿಯುತ್ತದೆಯೇ ಎಂಬುದರ ಮೇಲೆ ಕಣ್ಣಿಡಿ, ಏಕೆಂದರೆ ಫ್ಯಾನು ನೀರಿನಲ್ಲಿದ್ದರೂ ತಂಪು ನೀರನ್ನು ಹೀರುವ ರಂಧ್ರಗಳು ಮೇಲೆ ಬಂದಿದ್ದರೆ ಎಂಜಿನ್ ಕಾದು ಹಾಳಾಗುತ್ತದೆ. ರಂಧ್ರಗಳು ತೀರ ಕೆಳಭಾಗದಲ್ಲಿರುವ ಎಂಜಿನ್ ಸಿಕ್ಕರೆ ಅದನ್ನೇ ಆರಿಸಿ.

ನಿಮ್ಮ ವಿವರಗಳನ್ನು ನೋಡಿದರೆ, ಮೂವರ ಭಾರಕ್ಕೂ ಸೊಂಟದಾಳದ ನೀರಿಗೂ ಎರಡನೆಯ ಬಗೆಯೇ ಸರಿ ಎಂದು ನನಗೆ ತೋರುತ್ತದೆ. ಭಾರವಾದ ಎಂಜಿನ್ ಬಯಸುವುದಾದರೆ ಮೂರನೆಯದು. ಮೀನಿನ ಜಾಗ ಸೇರಲು ಪ್ರತಿದಿನ ತೆರೆದ ನೀರಿನ ದೊಡ್ಡ ಹರವನ್ನು ದಾಟಬೇಕಾದವರಿಗೆ, ಅದೂ ಇಬ್ಬರೇ ಹೋಗುವವರಿಗೆ, ಮೊದಲನೆಯದು.

ಪ್ರಶ್ನೆ: ಕ್ಯಾಟಮರಾನ್ ಅಲ್ಲಾಡುವುದಿಲ್ಲ ಎಂದು ಕೇಳಿದ್ದೆ. ಪರಿಚಿತರ ದೋಣಿಯಲ್ಲಿ ಹೋದಾಗ ಅಡ್ಡ ಅಲೆಗೆ ಅದು ಜಗ್ಗಿ ಜಗ್ಗಿ ಕುಲುಕಿತು, ಎದುರು ಗಾಳಿಯಲ್ಲಿ ಮುಂದಿನಿಂದ ತುಂತುರು ಚಿಮ್ಮಿ ಎಲ್ಲರೂ ತೊಯ್ದೆವು, ತಿರುಗಿಸಿದಾಗ ಹೊರಕ್ಕೆ ವಾಲಿತು. ಆ ದೋಣಿಯಲ್ಲಿ ದೋಷವಿದೆಯೇ?

ಉತ್ತರ: ನೀವು ಕಂಡ ಮೂರೂ ಈ ಜಾತಿಯ ದೋಣಿಗಳ ಸ್ವಭಾವವೇ ಹೊರತು ದೋಷವಲ್ಲ, ಆದರೆ ಮೂರಕ್ಕೂ ಕಾರಣ ತಿಳಿದಿದ್ದರೆ ದೋಣಿ ನಡೆಸುವುದು ಹಗುರವಾಗುತ್ತದೆ.

ಮಗುಚದಂತೆ ತಡೆಯುವ ಶಕ್ತಿ ನೀರಿನ ಮಟ್ಟದಲ್ಲಿರುವ ವಿಸ್ತೀರ್ಣಕ್ಕಿಂತ ಹೆಚ್ಚಾಗಿ, ಆ ವಿಸ್ತೀರ್ಣ ನಡುಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಹಿಂದಿನ ಉತ್ತರದ 70 ಸೆಂಟಿಮೀಟರ್ ಒಡಲುಗಳನ್ನು ಒಟ್ಟು 2.1 ಮೀಟರ್ ಅಗಲವಾಗುವಂತೆ ದೂರವಿಟ್ಟರೆ, ವಿಸ್ತೀರ್ಣ ಆ ಒಂಟಿ ಒಡಲಿನದಕ್ಕಿಂತ ಕಡಿಮೆಯಿದ್ದರೂ ವಾಲುವಿಕೆಗೆ ಅದರ ತಡೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಒಂದೇ ಬದಿಯಲ್ಲಿ ಇಬ್ಬರು ನಿಂತು ಮೀನು ಎಳೆಯುವಾಗ ಇದು ವರದಾನ. ಆದರೆ ವಾಲುವುದನ್ನು ಗಟ್ಟಿಯಾಗಿ ತಡೆಯುವ ದೋಣಿಯು ನೀರಿನ ಮೈಯನ್ನೇ ಅನುಸರಿಸಬೇಕಾಗುತ್ತದೆ. ಅಡ್ಡ ಅಲೆ ಬಂದಾಗ ಒಂದು ಒಡಲು ಏರಿನ ಮೇಲೆ, ಇನ್ನೊಂದು ತಗ್ಗಿನಲ್ಲಿ, ಮರುಕ್ಷಣ ಅದಲುಬದಲು. ಒಂಟಿ ಒಡಲಿನ ದೋಣಿ ನಿಧಾನವಾಗಿ ತೂಗಿದರೆ ಇದು ಚಿಕ್ಕದಾಗಿ, ಬೇಗಬೇಗ ಕುಲುಕುತ್ತದೆ. ಅಡ್ಡ ಅಲೆಯನ್ನು ಓರೆಯಾಗಿ ಎದುರಿಸುವುದೊಂದೇ ಇದಕ್ಕೆ ಉಪಾಯ.

ಕೊಲ್ಲಿಯ ಅಲೆಯ ಗುಣವೂ ಇಲ್ಲಿ ಸೇರುತ್ತದೆ. ಎರಡು ಸೆಕೆಂಡಿಗೊಂದರಂತೆ ಬರುವ ಗಾಳಿ ಅಲೆಗೆ ಆಳದ ನೀರಿನಲ್ಲಿ ಸುಮಾರು 6 ಮೀಟರ್ ಉದ್ದ. ಒಂದು ಮೀಟರ್ ನೀರಿನಲ್ಲಿ ಅದು ಸುಮಾರು 5.2 ಮೀಟರಿಗೆ ಕುಗ್ಗಿ ಇನ್ನಷ್ಟು ಕಡಿದಾಗುತ್ತದೆ. ಅಂದರೆ ಅಲೆಯ ಉದ್ದವೂ ದೋಣಿಯ ಉದ್ದವೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಪ್ರತಿ ಅಲೆಗೂ ಮುಂಭಾಗ ಎದ್ದು ಬೀಳುತ್ತದೆ. ಸುರಂಗದೊಳಗೆ ಸಿಕ್ಕಿದ ಗಾಳಿ ಮೆತ್ತೆಯಂತೆ ಹೊಡೆತವನ್ನು ತಗ್ಗಿಸುವುದು ನಿಜ, ಆದರೆ ವೇಗ ಕಡಿಮೆಯಿದ್ದಾಗ ಅದೇ ಗಾಳಿ ನೀರನ್ನು ಹೊತ್ತು ಮುಂದಿನಿಂದ ಸೀನಿದಂತೆ ಹೊರಬರುತ್ತದೆ, ಎದುರು ಗಾಳಿ ಅದನ್ನು ನಿಮ್ಮ ಮೇಲೆಯೇ ತಂದು ಸುರಿಯುತ್ತದೆ. ವೇಗವನ್ನು ಸ್ವಲ್ಪ ಹೆಚ್ಚಿಸಿದರೆ ಅಥವಾ ಮುಂಭಾಗವನ್ನು ತುಸು ಎತ್ತಿದರೆ ತುಂತುರು ಹಿಂದಕ್ಕೆ ಸರಿಯುತ್ತದೆ. ಒಂಟಿ ಒಡಲಿನ ದೋಣಿಯಂತೆ ಹೆದರಿ ವೇಗ ಇಳಿಸಿದರೆ ಇನ್ನಷ್ಟು ತೊಯ್ಯುತ್ತೀರಿ. ಸುರಂಗದ ಚಾವಣಿಗೆ ನೀರು 'ಧಡ್' ಎಂದು ಹೊಡೆಯುತ್ತಿದ್ದರೆ ಮಾತ್ರ ದೋಣಿಯಲ್ಲಿ ಭಾರ ಹೆಚ್ಚಾಗಿರಬಹುದು ಎಂದು ತಿಳಿಯಿರಿ.

ತಿರುವಿನಲ್ಲಿ ಹೊರಕ್ಕೆ ವಾಲುವುದರ ಬಗ್ಗೆ ಎಚ್ಚರ ಬೇಕು. ವಿ ಆಕಾರದ ತಳದ ದೋಣಿ ತಿರುವಿನ ಒಳಕ್ಕೆ ಬಾಗಿ ಕುಳಿತವರನ್ನು ಆಸನಕ್ಕೆ ಒತ್ತಿ ಹಿಡಿಯುತ್ತದೆ. ಇಲ್ಲಿ ಹಾಗಾಗುವುದಿಲ್ಲ, ನಿಂತವರು ಹೊರಬದಿಗೆ ತೂರಿಹೋಗಬಹುದು. ಅಗಲ ಚಪ್ಪಟೆ ಒಡಲಿನವು ಪಕ್ಕಕ್ಕೆ ಜಾರುವುದೂ ಉಂಟು. ತಿರುಗಿಸುವ ಮುನ್ನ ವೇಗ ಇಳಿಸಿ, ಜೊತೆಯವರಿಗೆ ಕೂಗಿ ಹೇಳಿ, ಎಂಜಿನ್ ನಿಲ್ಲಿಸುವ ಹಗ್ಗವನ್ನು ಚುಕ್ಕಾಣಿ ಹಿಡಿದವರ ಮೈಗೆ ಕಟ್ಟಿರಿ.

ಪ್ರಶ್ನೆ: ಕ್ಯಾಟಮರಾನ್ ಎಂದರೆ ನಮ್ಮ ಕಟ್ಟುಮರವೇ?

ಉತ್ತರ: ಹೆಸರು ಅದೇ, ವಸ್ತು ಬೇರೆ. ತಮಿಳಿನ ಕಟ್ಟುಮರವು ದಿಮ್ಮಿಗಳನ್ನು ಒತ್ತಾಗಿ ಸೇರಿಸಿ ಕಟ್ಟಿದ ತೆಪ್ಪ. ಅದರಲ್ಲಿ ಎರಡು ಒಡಲುಗಳೂ ಇಲ್ಲ, ಸುರಂಗವೂ ಇಲ್ಲ. ಎರಡು ಒಡಲುಗಳನ್ನು ದೂರವಿಟ್ಟು ಅಡ್ಡ ತೊಲೆಗಳಿಂದ ಜೋಡಿಸುವ ವಿದ್ಯೆಯಲ್ಲಿ ಪಳಗಿದವರು ಪೆಸಿಫಿಕ್ ದ್ವೀಪಗಳ ಪಾಲಿನೇಷ್ಯನ್ ಜನರು. ಪಾಶ್ಚಾತ್ಯರಲ್ಲಿ ಅದು ಗಮನ ಸೆಳೆದದ್ದು ನಥಾನಿಯಲ್ ಹೆರೆಶಾಫ್ ಎಂಬ ಅಮೆರಿಕದ ನೌಕಾ ವಿನ್ಯಾಸಕ 1876ರಲ್ಲಿ ಕಟ್ಟಿದ 'ಅಮರಿಲಿಸ್' ಎಂಬ ಹಾಯಿದೋಣಿಯಿಂದ.

ಪ್ರಶ್ನೆ: ಒಂದು ಎಂಜಿನ್ ಸಾಕೇ, ಎರಡು ಬೇಕೇ? ಫ್ಯಾನಿನ ಬದಲು ನೀರನ್ನು ಹೀರಿ ಹಿಂದಕ್ಕೆ ಚಿಮ್ಮುವ ಜೆಟ್ ಹಾಕಿಸಿದರೆ ಕಡಲಹುಲ್ಲಿಗೆ ಹಾನಿ ತಪ್ಪುವುದೇ?

ಉತ್ತರ: ತೆಳುನೀರಿಗೆ ನಡುವಿನಲ್ಲಿ ಒಂದೇ ಎಂಜಿನ್ ಇರಲಿ. ಎರಡು ಎಂಜಿನ್‌ಗಳನ್ನು ಒಂದೊಂದು ಒಡಲಿನ ಹಿಂದೆ ಕೂರಿಸಿದರೆ ಅವು ಸುರಂಗದ ಎತ್ತರದ ನೀರನ್ನು ಬಿಟ್ಟು ಒಡಲಿನ ತಳದ ನೀರಿನಲ್ಲಿ ಕೆಲಸ ಮಾಡಬೇಕು, ತೂಕವೂ ಹಿಂದಕ್ಕೆ ಸೇರುತ್ತದೆ. ನೀವು ಗಳಿಸಲು ಹೊರಟ ಆಳವೇ ಕೈತಪ್ಪುತ್ತದೆ. ದಡದಿಂದ ದೂರ ಹೋಗುವ ದೊಡ್ಡ ಕ್ಯಾಟಮರಾನ್‌ಗೆ ಎರಡು ಒಳ್ಳೆಯದು.

ಜೆಟ್‌ನಲ್ಲಿ ತಳದ ಕೆಳಗೆ ತಿರುಗುವ ಅಲಗು ಇರುವುದಿಲ್ಲ ಎಂಬುದು ನಿಜ. ಆದರೆ ಅದೇ ಎಂಜಿನ್ನಿನ ಬಲದಲ್ಲಿ ಸುಮಾರು ಶೇ. 30 ಭಾಗ ಕಳೆದುಹೋಗುತ್ತದೆ, ಮತ್ತು ಹುಲ್ಲು, ಮರಳು, ಕೆಸರನ್ನೆಲ್ಲ ಅದು ಹೀರಿಕೊಳ್ಳುತ್ತದೆ. ನೊರೆನೀರನ್ನಂತೂ ಫ್ಯಾನಿಗಿಂತಲೂ ಕಡಿಮೆ ಸಹಿಸುತ್ತದೆ, ಆದ್ದರಿಂದ ಸುರಂಗದ ದೋಣಿಗೆ ಅದು ಒಗ್ಗುವುದು ಅಪರೂಪ. ಹುಲ್ಲನ್ನು ಉಳಿಸುವುದು ಯಂತ್ರಕ್ಕಿಂತ ಹೆಚ್ಚಾಗಿ ನಡೆಸುವವರ ಕೈಯಲ್ಲಿದೆ. ಫ್ಯಾನು ಕಡಲಹುಲ್ಲಿನ ಬೇರುಕಾಂಡವನ್ನು ಕತ್ತರಿಸಿ ಎಳೆದ ಗೆರೆ ಮತ್ತೆ ತುಂಬಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಮರಿಮೀನು, ಸಿಗಡಿ, ಏಡಿಗಳು ಅಡಗಿ ಬೆಳೆಯುವ ಜಾಗ ಅಷ್ಟು ಕಾಲ ಬೋಳಾಗಿರುತ್ತದೆ. ಹುಲ್ಲಿನ ಮೇಲೆ ದೋಣಿಯನ್ನು ಎಂದೂ ವೇಗಕ್ಕೆ ಏರಿಸಬೇಡಿ. ಎಂಜಿನ್ ಎತ್ತಿ, ಗಳ ಊರಿ ತಳ್ಳುತ್ತ, ಆಳದ ಗುಂಡಿ ಅಥವಾ ಹುಲ್ಲಿಲ್ಲದ ಕಾಲುವೆ ಸಿಕ್ಕ ಮೇಲೆ ಹೊರಡಿ. ಗಳದ ಕೆಲಸಕ್ಕೆ ಇನ್ನೊಂದು ಲಾಭವಿದೆ: ಸುಮ್ಮನೆ ನಿಂತ ಕ್ಯಾಟಮರಾನಿನ ಸುರಂಗದಲ್ಲಿ ಸಣ್ಣ ಅಲೆಯೂ 'ಪಟ್ ಪಟ್' ಎಂದು ಬಡಿದು ತೆಳುನೀರಿನ ಮೀನನ್ನು ಬೆದರಿಸುತ್ತದೆ, ಗಳ ಹಿಡಿದವರು ದೋಣಿಯ ಹಿಂಭಾಗವನ್ನು ಅಲೆಗೆ ತಿರುಗಿಸಿ ನಿಲ್ಲಿಸಿ ಸದ್ದು ತಗ್ಗುತ್ತದೆಯೇ ಎಂದು ನೋಡಬಹುದು.

ಪ್ರಶ್ನೆ: ಹಳೆಯ ಕ್ಯಾಟಮರಾನ್ ಕೊಳ್ಳುವಾಗ ಮುಖ್ಯವಾಗಿ ಏನು ನೋಡಬೇಕು?

ಉತ್ತರ: ಎರಡು ಒಡಲುಗಳೂ ಬೇರೆ ಬೇರೆ ದಿಕ್ಕಿಗೆ ತಿರುಚಿಕೊಳ್ಳಲು ನೋಡುವುದರಿಂದ ಅವು ಡೆಕ್ಕಿಗೆ ಸೇರುವ ಮೂಲೆಗಳಲ್ಲಿ, ಮುಖ್ಯವಾಗಿ ಸುರಂಗದ ಒಳಬದಿಯಲ್ಲಿ, ಬಿರುಕುಗಳನ್ನು ಹುಡುಕಿ. ಎಂಜಿನ್ ಕೂರುವ ಹಲಗೆಯನ್ನು ಬಡಿದು ನೋಡಿ, ಟೊಳ್ಳು ಸದ್ದು ಬಂದರೆ ಒಳಗೆ ಕೊಳೆತಿರಬಹುದು. ಪ್ರತಿ ಒಡಲಿಗೂ ತನ್ನದೇ ಪಂಪ್ ಇರಬೇಕು, ಏಕೆಂದರೆ ಒಂದು ಒಡಲಿಗೆ ನೀರು ನುಗ್ಗಿದರೆ ಅದು ಇನ್ನೊಂದಕ್ಕೆ ಹರಿದು ಸಮವಾಗುವುದಿಲ್ಲ, ದೋಣಿ ಒಂದೇ ಬದಿಗೆ ಕುಸಿಯುತ್ತದೆ. ಎಲ್ಲಕ್ಕಿಂತ ಕಣ್ಣಿಗೆ ಬೀಳದ ಕೇಡೆಂದರೆ ಒಡಲಿನೊಳಗೆ ತುಂಬಿದ ಫೋಮ್ ವರ್ಷಗಟ್ಟಲೆ ನೀರು ಕುಡಿದಿರುವುದು. ಅದನ್ನು ತಿಳಿಯಲು ದೋಣಿಯನ್ನು ಟ್ರೈಲರ್ ಸಹಿತ ತೂಕಕ್ಕೆ ಹಾಕಿಸಿ, ಟ್ರೈಲರ್, ಎಂಜಿನ್, ಇಂಧನಗಳ ತೂಕ ಕಳೆದು, ತಯಾರಕರು ನಮೂದಿಸಿದ ತೂಕದೊಂದಿಗೆ ಹೋಲಿಸಿ. 100 ಕಿಲೋ ಹೆಚ್ಚು ಕಂಡರೆ ಅಗಲ ಒಡಲಿನ ದೋಣಿ ಒಂದೂವರೆ ಸೆಂಟಿಮೀಟರ್, ಸಪೂರ ಒಡಲಿನದು ಎರಡೂಕಾಲು ಸೆಂಟಿಮೀಟರಿಗೂ ಹೆಚ್ಚು, ನೀವು ಇನ್ನೂ ಹತ್ತುವ ಮೊದಲೇ ಇಳಿದಿದೆ ಎಂದರ್ಥ.